ಕುತ್ತಿಗೆಯ ಮೇಲಿನ ಕ್ಲೇಶ

ರಾಜ್ಯ ಒಂದಾಯಿತು. ಮುಂಬಯಿ ಸರ್ಕಾರದ ಕೈಯಲ್ಲಿದ್ದ ಗದಗ, ಒಂದು ಕಾಲಕ್ಕೆ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ಶಿರಹಟ್ಟಿ, ಮಿರಜ ಸಂಸ್ಥಾನದ್ದಾಗಿದ್ದ ಲಕ್ಷ್ಮೇಶ್ವರ, ಮುಂಡರಗಿ ದಾಟಿದರೆ ಸಿಗುತ್ತಿದ್ದ ನಿಜಾಮನ ಸೀಮೆಯ ಹಳ್ಳಿಗಳು, ಎಲ್ಲವೂ ಒಂದೇ ನಕಾಶೆಯೊಳಗೆ ಬಂದವು. ರಜೆಯ ನಿಯಮ ಒಂದಾಯಿತು, ಮೊಹರು ಒಂದಾಯಿತು, ಸೇರು ಪಾವುಗಳನ್ನು ಒಂದು ಮಾಡುವ ಮಾತೂ ನಡೆದಿತ್ತು. ಆದರೆ ಪ್ರಜೆಗಳ ಮಾನಸಿಕ ಕ್ಲೇಶ ಮಾತ್ರ ಇನ್ನೂ ಸಂಸ್ಥಾನಗಳ ಕಾಲದಂತೆಯೇ ಹರಿದು ಹಂಚಿಹೋಗಿದೆ ಎಂಬ ಸಂಗತಿ ಸರ್ಕಾರದ ಗಮನಕ್ಕೆ ಬಂದು, ಅದನ್ನು ಸರಿಪಡಿಸಲು ಗದಗ-ಬೆಟಗೇರಿಯಲ್ಲಿ ‘ಕ್ಲೇಶ ಏಕೀಕರಣ ಕಚೇರಿ’ಯನ್ನು ಸ್ಥಾಪಿಸಲಾಯಿತು. ನಾನು ಆ ಕಚೇರಿಯ ಗುಮಾಸ್ತ. ಊರು ಕುರ್ತಕೋಟಿ.

ಪರಿಸ್ಥಿತಿ ನಿಜಕ್ಕೂ ಗಂಭೀರವಾಗಿತ್ತು. ಶಿರಹಟ್ಟಿಯವನಿಗೆ ಕ್ಲೇಶವಾದರೆ ಅವನು ಮಠದ ಕಟ್ಟೆಯ ಮೇಲೆ ಹೋಗಿ ಕೂತುಬಿಡುತ್ತಾನೆ. ಯಾಕೆಂದು ಕೇಳಿದರೆ, "ಸುಮ್ನ ಕುಂತೀನ್ರಿ" ಎನ್ನುತ್ತಾನೆ. ಲಕ್ಷ್ಮೇಶ್ವರದವನು ಹಾಗಲ್ಲ. ಅವನು ತನ್ನ ಬೀಗರ ಮನೆಗೆ ನಡೆದು, ಎಂದೋ ಮುಗಿದ ಮದುವೆಯಲ್ಲಿ ತನ್ನ ಎಲೆಗೆ ತುಪ್ಪ ಬೀಳಲಿಲ್ಲವೆಂದು ಜಗಳ ತೆಗೆಯುತ್ತಾನೆ. ಮುಂಡರಗಿಯ ಆಚೆಯವರು ಜೀವ ಘಾಬರಿಯಾಗಿದೆ ಎಂದು ರಟ್ಟೆಗೆ ದರ್ಗಾದ ದಾರ ಕಟ್ಟಿಸಿಕೊಂಡು ಮುಸುಕು ಹಾಕಿ ಮಲಗುತ್ತಾರೆ. ನಾವು ಕುರ್ತಕೋಟಿಯವರು ಹೊಲಕ್ಕೆ ಹೋಗಿ, ಮಾಡಲು ಏನೂ ಕೆಲಸವಿಲ್ಲದಿದ್ದರೂ, ಎರೆಮಣ್ಣು ನೋಡುತ್ತ ನಿಲ್ಲುತ್ತೇವೆ. ಇನ್ನು ಬೆಟಗೇರಿಯ ನೇಕಾರರಿಗೆ ಏನೇ ಆದರೂ ಹೊಟ್ಟೆಯಲ್ಲೇ ಆಗುತ್ತದೆ. ಇಷ್ಟು ಬಗೆಯ ಕ್ಲೇಶಗಳನ್ನು ಯಾವ ಸರ್ಕಾರ ತಾನೇ ಸಂಭಾಳಿಸೀತು?

ಆದ್ದರಿಂದ ಒಂದೇ ನಮೂನೆಯ ಕ್ಲೇಶವನ್ನು ಗೊತ್ತುಪಡಿಸಲು ಬೆಂಗಳೂರಿನಲ್ಲಿ ತಜ್ಞರ ಸಮಿತಿ ಕೂತಿತು. ಸದಸ್ಯರೆಲ್ಲ ಒಂದೇ ಬಡಾವಣೆಯವರು, ಒಂದೇ ಅಂಗಡಿಯ ಕಾಫಿಪುಡಿ ತರಿಸುವವರು. ಅಧ್ಯಕ್ಷರು, "ಕ್ಲೇಶವಾದಾಗ ತಮಗೆ ಎಲ್ಲಿ ಆಗುತ್ತದೆ?" ಎಂದು ಒಬ್ಬೊಬ್ಬರನ್ನೂ ಕೇಳಿದರು. ಎಲ್ಲರೂ ಹಣೆ ಮುಟ್ಟಿ ತೋರಿಸಿದರು. ಅಧ್ಯಕ್ಷರೂ ತಮ್ಮ ಹಣೆ ಮುಟ್ಟಿ ನೋಡಿಕೊಂಡರು. ಮನುಷ್ಯಮಾತ್ರರಿಗೆ ಕ್ಲೇಶವಾಗುವುದು ತಲೆಯಲ್ಲಿ ಎಂಬ ಠರಾವು ಸರ್ವಾನುಮತದಿಂದ ಪಾಸಾಯಿತು. ಈ ವಿಷಯದಲ್ಲಿ ಇಷ್ಟು ವ್ಯಾಪಕವಾದ ಸಂಶೋಧನೆ ಹಿಂದೆ ನಡೆದಿರಲಿಲ್ಲ.

ಅದರ ಮೇಲೆ ನಿಯಮಾವಳಿ ಹೊರಟಿತು. ಕ್ಲೇಶ ಎಂದರೆ ಕುತ್ತಿಗೆಯ ಮೇಲೆ ಉಂಟಾಗುವ ಕ್ಲೇಶ ಎಂದು ಅರ್ಥೈಸತಕ್ಕದ್ದು. ಕುತ್ತಿಗೆಯ ಕೆಳಗೆ ಆಗುವುದೆಲ್ಲ ಆರೋಗ್ಯ ಇಲಾಖೆಗೆ ಸೇರಿದ್ದು, ನಮ್ಮ ಕಚೇರಿ ಅದನ್ನು ನೋಡುವಂತಿಲ್ಲ. ಸ್ವತಃ ಕುತ್ತಿಗೆಯ ವಿಷಯ ಎರಡೂ ಇಲಾಖೆಗಳ ನಡುವೆ ಪತ್ರವ್ಯವಹಾರದಲ್ಲಿದೆ. ಕ್ಲೇಶಪಟ್ಟ ಪ್ರಜೆ ಬಲಗೈಯನ್ನು ಹಣೆಗೆ ಹಚ್ಚಿ, ದೃಷ್ಟಿಯನ್ನು ಮಾಡಿನ ಕಡೆಗೆ ಇಟ್ಟು, "ನನಗೆ ಮಾನಸಿಕ ಕ್ಲೇಶವಾಗಿದೆ" ಎಂದು ಪೂರ್ಣ ವಾಕ್ಯದಲ್ಲಿ ಹೇಳತಕ್ಕದ್ದು. ಹಾಗೆ ಹೇಳದ ಹೊರತು ಅವನು ಸುಖಿಯೆಂದೇ ಭಾವಿಸತಕ್ಕದ್ದು.

ಈ ನಿಯಮಾವಳಿಯನ್ನು ಟ್ರಂಕಿನಲ್ಲಿ ಇಟ್ಟುಕೊಂಡು ವಿಶೇಷಾಧಿಕಾರಿಗಳು ಬೆಂಗಳೂರಿನಿಂದ ಬಂದರು. ನಾವು ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಒಳ್ಳೆಯ ಮನುಷ್ಯ. ಯಾರ ಮೇಲೂ ಕೂಗಾಡಿದವರಲ್ಲ, ಯಾರ ಕೈಯಿಂದಲೂ ಏನೂ ಇಸಿದುಕೊಂಡವರಲ್ಲ, ನಿಯಮ ಓದುವುದೊಂದೇ ಅವರ ಚಟ. ಇಂಥವರಿಂದಲೇ ಜನಕ್ಕೆ ಹೆಚ್ಚು ಹಾನಿಯಾಗುತ್ತದೆ ಎಂಬುದು ನನ್ನ ಸ್ವಂತ ಅಭಿಪ್ರಾಯ, ಇಲಾಖೆಯದಲ್ಲ.

ಕಚೇರಿ ಇದ್ದದ್ದು ಅರಳೆ ಗೋದಾಮಿನ ಮಾಳಿಗೆಯ ಮೇಲೆ. ಕೆಳಗಿನಿಂದ ಹತ್ತಿಯ ಎಳೆಗಳು ಹಾರಿ ಬಂದು ಎಲ್ಲರ ಮೂಗು ಸೇರುತ್ತಿದ್ದವು. ಮಂದಿಯ ಕ್ಲೇಶ ವಿಚಾರಿಸುವವರು ಸೀನುತ್ತ ಕೂತರೆ ಶೋಭೆಯಲ್ಲವೆಂದು ಸಾಹೇಬರು ಬರೆದ ಮೇಲೆ ಸ್ವಂತ ಕಟ್ಟಡ ಮಂಜೂರಾಯಿತು. ಅದಕ್ಕೆ ‘ಕ್ಲೇಶ ಭವನ’ ಎಂದು ಹೆಸರು. ಬೆಟಗೇರಿಯಲ್ಲಿ ನೇಕಾರರು ನೂಲನ್ನು ಉದ್ದಕ್ಕೆ ಎಳೆದು ಹಾಸು ಹಾಯಿಸುತ್ತಿದ್ದ ಬಯಲು ಜಾಗ ಗೊತ್ತಾಯಿತು. ನಕಾಶೆ ಬೆಂಗಳೂರಿನಲ್ಲೇ ತಯಾರಾಗಿ, ಅಲ್ಲೇ ಮಂಜೂರಾಗಿ ಬಂತು. ಬಂದ ಮೇಲೆ ನೋಡಿದರೆ ಆ ಬಯಲಿನ ಅಂಚಿಗೆ ಪಾಂಡಪ್ಪ ಎಂಬ ನೇಕಾರನ ಮನೆ ಇತ್ತು, ಮತ್ತು ಸಾಹೇಬರ ಕುರ್ಚಿ ನೇರವಾಗಿ ಅವನು ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯ ಮೇಲೆ ಬರುತ್ತಿತ್ತು. ಕುರ್ಚಿಯನ್ನು ಸರಿಸಬೇಕಾದರೆ ನಕಾಶೆ ಮತ್ತೆ ಬೆಂಗಳೂರಿಗೆ ಹೋಗಬೇಕು. ಮನೆಯನ್ನು ಸರಿಸಬೇಕಾದರೆ ಎಲ್ಲಿಗೂ ಹೋಗಬೇಕಾಗಿಲ್ಲ.

ಆದರೆ ನಮ್ಮದು ದಯಾಳು ಇಲಾಖೆ. ಯಾರಿಗೆ ಮಾನಸಿಕ ಕ್ಲೇಶವಿದೆಯೋ ಅವರ ಮನೆಯನ್ನು ಕ್ಲೇಶ ಭವನಕ್ಕಾಗಿ ಕೆಡವಬಾರದು ಎಂದು ನಿಯಮದಲ್ಲೇ ಇತ್ತು. ಹಾಗಾಗಿ ಪಾಂಡಪ್ಪನಿಗೆ ನೋಟೀಸು ಹೋಯಿತು: ಮನೆ ಹೋಗುವುದರಿಂದ ತಮಗೆ ಕ್ಲೇಶವಾಗುವುದೋ ಹೇಗೆ ಎಂಬುದನ್ನು ಖುದ್ದು ವಿಚಾರಿಸಲಾಗುವುದು.

ನೋಟೀಸು ಮುಟ್ಟಿದಂದಿನಿಂದ ಆ ಮನೆಯಲ್ಲಿ ಲಾಳಿಯ ಸಪ್ಪಳ ನಿಂತಿತ್ತು. ಪಾಂಡಪ್ಪನ ಹೆಂಡತಿ ಮಲ್ಲವ್ವ ಎರಡು ತುತ್ತಿನ ಮೇಲೆ ಉಣ್ಣುತ್ತಿಲ್ಲವೆಂದು ಓಣಿಗೆಲ್ಲ ಗೊತ್ತಿತ್ತು. ಸಾಹೇಬರು, ನಮ್ಮ ಹೆಡ್ ಕ್ಲಾರ್ಕ್ ಉಳವಪ್ಪನವರು ಮತ್ತು ನಾನು ವಿಚಾರಣೆಗೆ ಹೋದಾಗ ಆಗಿದ್ದೇ ಬೇರೆ. ಹೊಸ್ತಿಲು ದಾಟಿದ ಕೂಡಲೆ ನಾವು ಸರ್ಕಾರವಾಗಿ ಉಳಿಯಲಿಲ್ಲ, ಮನೆಗೆ ಬಂದ ಅತಿಥಿಗಳಾಗಿಬಿಟ್ಟೆವು.

"ಬರ್ರಿ ಸಾಹೇಬ್ರ, ಬರ್ರಿ. ಬಿಸಲಾಗ ಬಂದೀರಿ. ಕೈಕಾಲಿಗೆ ನೀರ ತಗೋರಿ," ಎಂದು ಪಾಂಡಪ್ಪ ರುಮಾಲು ಸರಿಮಾಡಿಕೊಳ್ಳುತ್ತ ಎದ್ದು ಬಂದ.

"ನಾವು ಊಟಕ್ಕೆ ಬಂದವರಲ್ಲಪ್ಪ. ನಿಮಗೆ ಕ್ಲೇಶ ಇದೆಯೇ ಇಲ್ಲವೇ ಎಂದು ತಿಳಿಯಲು ಬಂದಿದ್ದೇವೆ," ಎಂದರು ಸಾಹೇಬರು.

"ತಿಳಕೊಳ್ರಿ, ಯಾರ ಬ್ಯಾಡ ಅಂತಾರ? ಊಟಾ ಆಗಲಿ, ಆಮ್ಯಾಲ ತಿಳಕೊಳ್ರಿ."

ಮಲ್ಲವ್ವ ಹೋಳಿಗೆ ಮಾಡಿದ್ದಳು. ತನಗೆ ಅನ್ನ ಇಳಿಯದ ಹೆಣ್ಣುಮಗಳು ಬೆಳಗಿನಿಂದ ಹೂರಣ ರುಬ್ಬಿದ್ದಳು. "ಇನ್ನೊಂದ ಹಾಕಿಸ್ಕೊಳ್ರಿ, ನಾಚಬ್ಯಾಡ್ರಿ. ಈ ಮನ್ಯಾಗ ಉಂಡ ಹೋದವರು ನಮ್ಮ ಹೆಸರ ತಗೀಬೇಕು," ಎಂದು ನಗುನಗುತ್ತ ಬಡಿಸಿದಳು. ಸಾಹೇಬರು ಹಾಕಿಸಿಕೊಂಡರು. ತುಪ್ಪವನ್ನೂ ಹಾಕಿಸಿಕೊಂಡರು.

ಇಲ್ಲಿಯ ರೀತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಮನೆಗೆ ಬಂದವರ ಮುಂದೆ ಊಟಕ್ಕೆ ಮೊದಲು ಕಷ್ಟ ಹೇಳುವಂತಿಲ್ಲ, ಹೇಳಿದರೆ ಅವರ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. ಊಟವಾದ ಮೇಲಂತೂ ಹೇಳಲೇಬಾರದು, ಹೇಳಿದರೆ ಹೋಳಿಗೆ ಹಾಕಿದ್ದು ಇದಕ್ಕೇ ಎಂದಂತಾಗುತ್ತದೆ. ಒಟ್ಟಿನಲ್ಲಿ ಮನೆಗೆ ಬಂದ ಅಧಿಕಾರಿಗೆ ಕಷ್ಟ ಹೇಳಿಕೊಳ್ಳಲು ನಮ್ಮ ಕಡೆ ಸಮಯವೇ ಇಲ್ಲ.

ಎಲೆ ಅಡಿಕೆ ಆದ ಮೇಲೆ ಸಾಹೇಬರು ಕೇಳಿದರು: "ಈಗ ಹೇಳಿ. ತಮ್ಮ ಮನಸ್ಸಿಗೆ ಏನಾದರೂ ಕ್ಲೇಶವಾಗಿದೆಯೇ?"

ಪಾಂಡಪ್ಪ ಒಳಬಾಗಿಲ ಕಡೆ ನೋಡಿದ. ಅಲ್ಲಿ ಅವನ ಮಗಳು ಹನಮವ್ವ ನಿಂತಿದ್ದಳು. ಲಕ್ಷ್ಮೇಶ್ವರದ ಕುಬೇರಪ್ಪನ ಮಗನಿಗೆ ಆಕೆಯನ್ನು ಕೊಡುವ ಮಾತು ಮುಗಿಯುತ್ತ ಬಂದಿತ್ತು. ಹೊಟ್ಟೆಗೆ ಏನಾದರೂ ಆಯಿತೆಂದರೆ ಬೀಗರು ಕಷಾಯ ಹೇಳಿಕೊಟ್ಟು ಹೋಗುತ್ತಾರೆ. ಮನಸ್ಸಿಗೆ ಏನೋ ಆಯಿತೆಂದರೆ ಆ ಮನೆತನದಲ್ಲಿ ತಲೆ ಕೆಟ್ಟವರಿದ್ದಾರೆ ಎಂದು ಎದ್ದು ಹೋಗುತ್ತಾರೆ.

"ಮನಸ್ಸಿಗೇನೂ ಆಗಿಲ್ರಿ," ಎಂದ ಪಾಂಡಪ್ಪ, ಎರಡೂ ಕೈಯಿಂದ ಹೊಟ್ಟೆ ಒತ್ತಿ ಹಿಡಿದುಕೊಂಡು. "ದೇವರ ದಯಾದಿಂದ ನಮ್ಮ ಮನತನದಾಗ ಇವತ್ತಿನತನಕ ಯಾರ ಮನಸ್ಸೂ ಕೆಟ್ಟಿಲ್ರಿ."

ಸಾಹೇಬರು ವರದಿ ಬರೆಸಿದರು: ಸದರಿ ಕುಟುಂಬವು ಅತ್ಯಂತ ಉಲ್ಲಾಸದಿಂದಿದ್ದು, ಮನೆ ಹೋಗುವ ಸಂತೋಷಕ್ಕೆ ಸಿಹಿ ಅಡಿಗೆ ಮಾಡಿರುತ್ತದೆ. ಕ್ಲೇಶ ಇಲ್ಲ. ಮನೆ ತೆಗೆಯಬಹುದು.

ಈ ಹುಕುಂ ಓಣಿಗೆ ತಲುಪಿದ ಮರುದಿನ ಕಚೇರಿಯ ಮೆಟ್ಟಿಲು ಹತ್ತಿ ಬಂದವಳು ಪಾಂಡಪ್ಪನ ಎದುರು ಮನೆಯ ರೋಶನಬಿ. ಆಕೆ ನೂಲಿಗೆ ಬಣ್ಣ ಹಾಕುವವಳು, ಮೊಣಕೈವರೆಗೆ ಸದಾ ನೀಲಿ. ಆಕೆಯ ಹಿಂದೆ ಪಾಂಡಪ್ಪ ಮಲ್ಲವ್ವ ತಪ್ಪು ಮಾಡಿದವರಂತೆ ನಿಂತಿದ್ದರು.

"ಸಾಹೇಬ್ರ, ಇವರಿಗೆ ಬಾಯಿಲ್ಲ, ನಾ ಹೇಳತೀನಿ ಕೇಳ್ರಿ," ಎಂದಳು ರೋಶನಬಿ. "ನಿಮ್ಮ ಕಾಗದ ಬಂದಾಗಿಂದ ಈಕಿ ಬಟ್ಟಿ ಬಿದ್ದೈತಿ. ತಿಕ್ಕಿಸಿದ್ವಿ, ಕೂಡತು. ಮರದಿನ ಮಗ್ಗದ ಕಡೆ ನೋಡಿದ್ಲು, ಮತ್ತ ಜಾರತು."

ಸಾಹೇಬರು ಉಳವಪ್ಪನವರ ಮುಖ ನೋಡಿದರು. ಉಳವಪ್ಪನವರು ವಿವರಿಸಿದರು: "ಹೊಕ್ಕಳ ಬುಡದಾಗ ಒಂದು ನಾಡಿ ಬಡಕೋತಿರತೈತ್ರಿ ಸಾಹೇಬ್ರ. ಮೈಗೆ ಭಾರ ಆದರೂ, ಜೀವಕ್ಕ ಭಾರ ಆದರೂ ಅದು ಜಾಗಾ ಬಿಟ್ಟ ಸರೀತೈತಿ. ಸರಿದರ ಊಟ ಸೇರೂದಿಲ್ಲ, ನಿದ್ದಿ ಹತ್ತೂದಿಲ್ಲ. ಈ ಸೀಮ್ಯಾಗ ಹಂಗ."

"ಅರ್ಥವಾಯಿತು. ಬಹಳ ವ್ಯಸನದ ಸಂಗತಿ," ಎಂದರು ಸಾಹೇಬರು. "ಆದರೆ ಹೊಕ್ಕಳು ಕುತ್ತಿಗೆಯ ಕೆಳಗೆ ಬರುತ್ತದೆ. ತಾವು ಆರೋಗ್ಯ ಇಲಾಖೆಗೆ ಹೋಗಬೇಕು."

ಹೋದರು. ದವಾಖಾನೆಯ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಹೊಟ್ಟೆಯಲ್ಲಿ ದೋಷವಿಲ್ಲ, ಚಿಂತೆಯಿಂದ ಹೀಗಾಗಿದೆ, ಆದ್ದರಿಂದ ಇದು ಕ್ಲೇಶ ಕಚೇರಿಯ ವಿಷಯ ಎಂದು ಬರೆದು ಕಳಿಸಿದರು. ಚಿಂತೆಯೇ ಇರಬಹುದು, ಆದರೆ ಅದು ವಾಸವಾಗಿರುವುದು ಹೊಟ್ಟೆಯಲ್ಲಿ, ಆದ್ದರಿಂದ ಅದು ದವಾಖಾನೆಯ ವಿಷಯ ಎಂದು ನಾವು ಬರೆದು ಕಳಿಸಿದೆವು. ಮಲ್ಲವ್ವ ಈ ಕಾಗದಗಳನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಗದಗಿಗೂ ಬೆಟಗೇರಿಗೂ ನಡೆದಾಡಿದಳು. ಒಮ್ಮೆ ಸುಸ್ತಾಗಿ ನಮ್ಮ ಮೆಟ್ಟಿಲ ಮೇಲೆ ಕೂತು, "ತುತ್ತು ಗಂಟಲದಾಗ ನಿಂದರತೈತ್ರಿ ಸಾಹೇಬ್ರ, ಮ್ಯಾಲೂ ಬರವಲ್ದು, ಕೆಳಗೂ ಇಳೀವಲ್ದು," ಎಂದಳು. ಗಂಟಲು ಎಂದರೆ ಕುತ್ತಿಗೆ. ಕುತ್ತಿಗೆ ಪತ್ರವ್ಯವಹಾರದಲ್ಲಿತ್ತು. ಇತ್ಯರ್ಥವಾಗುವವರೆಗೆ ಆ ತುತ್ತನ್ನು ಅಲ್ಲೇ ಇರಿಸಿಕೊಂಡಿರುವಂತೆ ಆಕೆಗೆ ತಿಳಿಸಲಾಯಿತು.

ಸಾಹೇಬರ ಮನಸ್ಸು ಕರಗಿತು. ಈ ಜನ ಕ್ಲೇಶವಿಲ್ಲದವರಲ್ಲ, ಕ್ಲೇಶಪಡಲು ಬಾರದವರು. ಕಲಿಸಿದರೆ ಕಲಿತಾರು ಎಂದು ಅವರಿಗೆ ಅನ್ನಿಸಿತು. ಶಾಲೆಯ ಬಯಲಿನಲ್ಲಿ ಸಂಜೆ ಹೊತ್ತು ‘ಕ್ಲೇಶ ಶಿಕ್ಷಣ ವರ್ಗ’ ಆರಂಭವಾಯಿತು. ಹೊಟ್ಟೆಯಲ್ಲಿರುವ ಕ್ಲೇಶವನ್ನು ಕ್ರಮಬದ್ಧವಾಗಿ ತಲೆಗೆ ಏರಿಸಿಕೊಳ್ಳುವುದನ್ನು ಅಲ್ಲಿ ಹೇಳಿಕೊಡಲಾಗುತ್ತಿತ್ತು. ಕೊನೆಗೆ ಊರವರ ಮುಂದೆ ಪರೀಕ್ಷೆ, ಪಾಸಾದವರಿಗೆ ಕ್ಲೇಶಪತ್ರ, ಅಲ್ಲಿಯವರೆಗೆ ಪಾಂಡಪ್ಪನ ಮನೆ ತೆಗೆಯುವ ಹುಕುಂ ತಡೆಹಿಡಿಯಲಾಯಿತು. ಮುಂದೆ ಕ್ಲೇಶ ಬರಬಹುದಾದವರು ಕೂಡ ಹಾಜರಿರಬೇಕೆಂದು ಡಂಗುರ ಹಾಕಿಸಿದ್ದರಿಂದ ಓಣಿಗೆ ಓಣಿಯೇ ಬಂತು. ಶಿಕ್ಷಕ ನಾನು. ನನಗೆ ಈ ವಿದ್ಯೆ ಬರುತ್ತಿತ್ತೆಂದಲ್ಲ, ಉಳಿದ ಗುಮಾಸ್ತರಿಗೆ ಸಂಜೆ ಬೇರೆ ಕೆಲಸವಿತ್ತು.

ರೋಶನಬಿ ಮೊದಲ ದಿನವೇ ಎಲ್ಲರನ್ನೂ ಮೀರಿಸಿದಳು. ನೀಲಿ ಕೈಯನ್ನು ಹಣೆಗೆ ಹಚ್ಚಿ ಆಕೆ ನಿಟ್ಟುಸಿರು ಬಿಟ್ಟರೆ ಹಿಂದಿನ ಸಾಲಿನವರಿಗೂ ಕೇಳುತ್ತಿತ್ತು. ಆಕೆಯ ಮನೆಗೆ ಯಾವ ನೋಟೀಸೂ ಬಂದಿರಲಿಲ್ಲ. ಮಲ್ಲವ್ವ ಮಾತ್ರ ಎಬ್ಬಿಸಿ ನಿಲ್ಲಿಸಿದೊಡನೆ ಸೆರಗು ಹೊದ್ದು, ಇಷ್ಟು ಮಂದಿ ಬಂದಿದ್ದಾರಲ್ಲ ಎಂದು ಎಲ್ಲರಿಗೂ ನಕ್ಕುಬಿಡುತ್ತಿದ್ದಳು. ಪಾಂಡಪ್ಪನದು ಇನ್ನೂ ಕಷ್ಟ. ಅವನ ಕೈ ಮೇಲಕ್ಕೆ ಏಳುತ್ತಿತ್ತು, ಎದೆಯವರೆಗೆ ಬಂದು ಮತ್ತೆ ಹೊಟ್ಟೆಗೆ ಇಳಿಯುತ್ತಿತ್ತು.

"ಕೈ ಮ್ಯಾಲ ಹೋಗವಲ್ದ್ರಿ ಮಾಸ್ತರ. ಇದು ನಮ್ಮ ಪೈಕಿ ಯಾರೂ ಮಾಡೂದಲ್ಲ. ಹಣಿಗೆ ಕೈ ಹಚ್ಚಿ ಕುಂತರ ಮನ್ಯಾಗ ಯಾರೋ ಸತ್ತಾರಂತ ಮಂದಿ ಬಂದ ಕೂಡತಾರ."

"ಸತ್ತಂಗನ ಅಂತ ತಿಳಕೊಂಡ ಮಾಡೋ ಮಾರಾಯಾ," ಎಂದೆ.

ಅವನು ವರ್ಗ ಮುಗಿಯುವವರೆಗೆ ಕಾದ. ಮಂದಿ ಚದುರಿದ ಮೇಲೆ, "ನೀವು ನಮ್ಮ ಕಡೆಯವರು, ಖರೆ ಹೇಳ್ರಿ," ಎಂದ. "ಪರೀಕ್ಷಾದಾಗ ಎಲ್ಲಾರ ಮುಂದ ನನ್ನ ಮನಸ್ಸಿಗೆ ಆಗೇತಿ ಅಂತ ಅಂದರ ಮನಿ ಉಳಿತೈತಿ. ಆದರ ಆ ಮಾತು ಲಕ್ಷ್ಮೇಶ್ವರಕ್ಕ ಮುಟ್ಟಾಕ ಎಷ್ಟೊತ್ತು? ಮನಿ ಉಳಿಸ್ಲೋ, ಮಗಳ ಲಗ್ನ ಉಳಿಸ್ಲೋ?"

ಉತ್ತರ ಕೊಟ್ಟವಳು ಮಲ್ಲವ್ವ. "ಮನಿ ಇದ್ದರ ನಾಳಿ ಮತ್ತೊಂದ ಕಡೆಯವರು ಕೇಳಕೋತ ಬರತಾರ. ಮಗ್ಗದ ಕುಣಿ ಮುಚ್ಚಿದರ ನಾವು ತಿನ್ನೂದೇನ, ಆಕಿಗೆ ಕೊಡೂದೇನ? ನೀ ಅಂದಬಿಡು," ಎಂದಳು. ಹನಮವ್ವ ತಾಯಿಯ ಪಕ್ಕದಲ್ಲೇ ಇದ್ದಳು. ಆಕೆಯನ್ನು ಯಾರೂ ಕೇಳಲಿಲ್ಲ. ಅಂಥ ವಿಷಯದಲ್ಲಿ ಹುಡುಗಿಯನ್ನು ಕೇಳಬೇಕೆಂದು ಸಂಸ್ಥಾನಗಳ ಕಾಲದಲ್ಲೂ ನಿಯಮವಿರಲಿಲ್ಲ, ಈಗಲೂ ಇರಲಿಲ್ಲ.

ಪರೀಕ್ಷೆಯ ದಿನ ಬಯಲು ತುಂಬಿತ್ತು. ಸಾಹೇಬರ ಮೇಜಿಗೆ ಹಸಿರು ಬಟ್ಟೆ ಹಾಸಿತ್ತು. ನೂಲು ಒಯ್ಯಲು ಗದಗಿಗೆ ಬಂದಿದ್ದ ಕುಬೇರಪ್ಪ, ಭಾವೀ ಬೀಗರು ಏನೋ ಸರ್ಕಾರಿ ಪರೀಕ್ಷೆಗೆ ಕೂತಿದ್ದಾರಂತೆ ಎಂದು ಹೆಮ್ಮೆಯಿಂದ ನೋಡಲು ಬಂದು ಮುಂದೆಯೇ ನಿಂತಿದ್ದರು. ಪಾಂಡಪ್ಪ ಅವರನ್ನು ನೋಡಿದ. ಎಡಗೈಯಿಂದ ಹೊಟ್ಟೆ ಒತ್ತಿ ಹಿಡಿದು, ಬಲಗೈಯನ್ನು ಹಣೆಗೆ ಹಚ್ಚಿ, "ನನಗೆ ಮಾನಸಿಕ ಕ್ಲೇಶವಾಗಿದೆ," ಎಂದು ಒಂದಕ್ಷರ ತಪ್ಪಿಲ್ಲದೆ ಅಂದ. ದನಿ ನಡುಗುತ್ತಿತ್ತು. ನಡುಗುವುದಕ್ಕೆ ಅಂಕ ಇರಲಿಲ್ಲ.

"ಭೇಷ್!" ಎಂದರು ಸಾಹೇಬರು. "ಎಡಗೈ ಅಲ್ಲಿರಬಾರದಿತ್ತು. ಇರಲಿ. ಕ್ಲೇಶಕ್ಕೆ ಕಾರಣವೇನು?"

"ಮತ್ತೇನೈತ್ರಿ? ಈ ಮನಿನ ರೀ. ಹಗಲೂ ರಾತ್ರಿ ಮನೀದ ಚಿಂತಿ."

ಕುಬೇರಪ್ಪ ಪಕ್ಕದವನನ್ನು, "ಮಾನಸಿಕ ಅಂದರ?" ಎಂದು ಕೇಳಿದರು. ಅವನು ತಲೆಯ ಕಡೆ ಬೆರಳು ಮಾಡಿ ತಿರುಗಿಸಿ ತೋರಿಸಿದ. ಮಲ್ಲವ್ವ ತಂದ ನೀರಿನ ತಂ‌ಬಿಗೆಯನ್ನು ಮುಟ್ಟದೆ ಕುಬೇರಪ್ಪ ಬಸ್ಸಿನ ಕಡೆ ನಡೆದರು. ನೀರು ಮುಟ್ಟದೆ ಹೋದರೆಂದರೆ ಮಾತು ಮುರಿಯಿತೆಂದೇ ಅರ್ಥ.

ಲಗ್ನ ಹೋಯಿತು, ಮನೆ ಉಳಿಯಿತು. ಪಾಂಡಪ್ಪನಿಗೆ ಮೊಹರು ಒತ್ತಿದ ಕ್ಲೇಶಪತ್ರ ಸಿಕ್ಕಿತು. ಅವನು ಅದನ್ನು ದೇವರ ಜಗಲಿಯ ಮೇಲೆ ಇಟ್ಟು, ಮಗ್ಗಕ್ಕೆ ಕೈಮುಗಿದು ಕುಣಿಗೆ ಇಳಿದ. ಆ ಓಣಿಯಲ್ಲಿ ಮತ್ತೆ ಲಾಳಿಯ ಸಪ್ಪಳ ಕೇಳಿ ನನಗೂ ಸಮಾಧಾನವಾಯಿತು.

ಸಾಹೇಬರು ಮಾತ್ರ ಸಮಾಧಾನಪಡುವವರಲ್ಲ. ಅವರು ನಿಯಮಾವಳಿಯನ್ನು ಮುಂದಕ್ಕೆ ಓದಿದರು. ಕ್ಲೇಶವನ್ನು ಗುರುತಿಸಿ ಸುಮ್ಮನೆ ಬಿಡುವುದು ಇಲಾಖೆಯ ಉದ್ದೇಶವಲ್ಲವೆಂದೂ, ಕ್ಲೇಶಪತ್ರ ಪಡೆದವನ ಕ್ಲೇಶದ ಕಾರಣವನ್ನು ಸರ್ಕಾರದ ಖರ್ಚಿನಲ್ಲಿ ತಕ್ಷಣ ನಿವಾರಿಸತಕ್ಕದ್ದೆಂದೂ ಅಲ್ಲಿ ಬರೆದಿತ್ತು. ಪಾಂಡಪ್ಪ ತನ್ನ ಕ್ಲೇಶಕ್ಕೆ ಕಾರಣ ಮನೆ ಎಂದು ಊರವರ ಸಮಕ್ಷಮದಲ್ಲಿ ತಾನೇ ಹೇಳಿದ್ದ.

ಸಾಹೇಬರು ಖುದ್ದಾಗಿ ಬೆಟಗೇರಿಗೆ ಹೋಗಿ, "ಪಾಂಡಪ್ಪನವರೇ, ಇನ್ನು ನೀವು ನಿಶ್ಚಿಂತೆಯಿಂದಿರಬಹುದು. ನಿಮಗೆ ಹಗಲೂ ರಾತ್ರಿ ಚಿಂತೆ ಕೊಡುತ್ತಿರುವ ಈ ಮನೆಯನ್ನು ಸರ್ಕಾರ ತೆಗೆಸಿಕೊಡುತ್ತದೆ," ಎಂದು ಕೈ ಕುಲುಕಿದರು. ಅವರ ಕಣ್ಣಲ್ಲಿ ನಿಜವಾದ ಸಂತೋಷವಿತ್ತು. ಅದನ್ನು ನೋಡಿದರೆ ಯಾರಿಗೂ ಎದುರಾಡಲು ಬಾಯಿ ಬರುವಂತಿರಲಿಲ್ಲ. ಪಾಂಡಪ್ಪ ಮೊದಲು ಉಳವಪ್ಪನವರ ಕಡೆ, ಆಮೇಲೆ ನನ್ನ ಕಡೆ ನೋಡಿ, "ಊಟಾ ಮಾಡ್ಕೊಂಡ ಹೋಗ್ರಿ," ಎಂದ.

ಮನೆ ಕೆಡವಿದರು. ಮಗ್ಗದ ಕುಣಿಯನ್ನು ಅದೇ ಮನೆಯ ಮಣ್ಣು ಹಾಕಿ ಮುಚ್ಚಿದರು. ಬಿಚ್ಚಿದ ಮಗ್ಗದ ಕಟ್ಟಿಗೆಯನ್ನು ರೋಶನಬಿ ತನ್ನ ಪಡಸಾಲೆಯ ಗೋಡೆಗೆ ನಿಲ್ಲಿಸಿಕೊಂಡು, ಆ ಮೂವರನ್ನೂ ಅಲ್ಲೇ ಇರಿಸಿಕೊಂಡಳು. ಪಾಂಡಪ್ಪ ಮಂದಿಯ ಮಗ್ಗಕ್ಕೆ ಕೂಲಿ ಹೋಗತೊಡಗಿದ. ಪರಿಹಾರದ ವಿಷಯ ಪರಿಶೀಲನೆಯಲ್ಲಿದೆ. ಆ ದಿನ ನನಗೆ ಊಟ ಸೇರಲಿಲ್ಲ. ಅದು ಕುತ್ತಿಗೆಯ ಕೆಳಗಿನ ವಿಷಯವಾದ್ದರಿಂದ ಕಚೇರಿಯಲ್ಲಿ ಹೇಳಲಿಲ್ಲ.

ಕಾರಣ ಹೋದ ಮೇಲೆ ಕ್ಲೇಶ ಇರುವಂತಿಲ್ಲ. ಆದ್ದರಿಂದ ಪಾಂಡಪ್ಪನ ಹಳೆಯ ಪತ್ರವನ್ನು ವಾಪಸು ಪಡೆದು, ಈತನೂ ಈತನ ಹೆಂಡತಿ ಮಗಳೂ ಮಾನಸಿಕವಾಗಿ ಪೂರ್ಣ ಸ್ವಸ್ಥರಾಗಿದ್ದಾರೆಂದು ರಾಜ್ಯದ ಮೊಹರು ಒತ್ತಿದ ಸ್ವಸ್ಥಪತ್ರವನ್ನು ಕೊಡಲಾಯಿತು. ಷರತ್ತು ಒಂದೇ: ಪತ್ರ ಪಡೆದವರು ಮುಂದೆ ಎಲ್ಲಾದರೂ ಕಣ್ಣೀರು ಹಾಕಿದ್ದು ಕಂಡುಬಂದರೆ ಪತ್ರ ರದ್ದಾಗುತ್ತದೆ.

ಈ ಸುದ್ದಿ ಲಕ್ಷ್ಮೇಶ್ವರಕ್ಕೆ ಮುಟ್ಟಿತು. ಕುಬೇರಪ್ಪ ಮೊದಲ ಬಸ್ಸಿಗೇ ಬಂದು ರೋಶನಬಿಯ ಪಡಸಾಲೆಯಲ್ಲಿ ಕೂತರು.

"ತಪ್ಪು ತಿಳೀಬ್ಯಾಡ್ರಿ ಪಾಂಡಪ್ಪನವರ," ಎಂದರು. "ನಾ ವಿಚಾರ ಮಾಡಿದೆ. ನನ್ನ ತಲಿ ಸರಿ ಐತಂತ ನನ್ನ ಹತ್ರ ಏನ ಪುರಾವೆ ಐತಿ? ನಮ್ಮೂರಾಗ ಯಾರ ಹತ್ರ ಐತಿ? ಸುತ್ತಿನ ಮೂರೂ ತಾಲೂಕಿನಾಗ ಸರ್ಕಾರ ಶಿಕ್ಕಾ ಹೊಡದ ಖಾತ್ರಿ ಕೊಟ್ಟಿದ್ದು ನಿಮ್ಮ ಮನತನ ಒಂದ. ಇಂಥಾ ಮನತನ ಬಿಟ್ಟರ ನನ್ನ ತಲಿ ಕೆಟ್ಟೈತಿ ಅಂದಂಗ."

"ಮನಿ ಇಲ್ಲಲ್ರಿ ನಮಗ," ಎಂದಳು ಮಲ್ಲವ್ವ.

"ಮನಿ ಯಾರಿಗಿಲ್ರಿ? ಎಲ್ಲಾರಿಗೂ ಐತಿ. ಶಿಕ್ಕಾ ಯಾರಿಗೈತಿ?"

ಈ ತರ್ಕ ಎಲ್ಲರಿಗೂ ಒಪ್ಪಿತವಾಯಿತು. ಮಗಳನ್ನು ಕೊಡುವ ಮುಂಚೆ, ತರುವ ಮುಂಚೆ ಸ್ವಸ್ಥಪತ್ರ ಕೇಳುವುದು ರೂಢಿಯಾಯಿತು. ಸ್ವಸ್ಥಪತ್ರ ಬೇಕಾದರೆ ಮೊದಲು ಕ್ಲೇಶಪತ್ರ ಆಗಬೇಕು, ಆಮೇಲೆ ಕಾರಣ ನಿವಾರಣೆಯಾಗಬೇಕು. ಹೀಗಾಗಿ ಮದುವೆಗೆ ಬಂದ ಮಕ್ಕಳಿರುವವರು ತಮ್ಮ ಮನೆಗಳನ್ನೂ ತೆಗೆಸಿಕೊಡಬೇಕೆಂದು ನಮ್ಮ ಬಾಗಿಲಲ್ಲಿ ಸಾಲು ನಿಲ್ಲತೊಡಗಿದರು. ಶಿರಹಟ್ಟಿಯವರು ಮಠದ ಕಟ್ಟೆ ಬಿಟ್ಟು ಬಂದು ಹಣೆಗೆ ಕೈ ಹಚ್ಚಿಕೊಂಡು ಕೂತರು. ಕ್ಲೇಶ ಏಕೀಕರಣ ಯಶಸ್ವಿಯಾಗಿದೆ ಎಂದು ಸಾಹೇಬರು ಬೆಂಗಳೂರಿಗೆ ಬರೆದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಹನಮವ್ವನ ಮದುವೆ ರೋಶನಬಿಯ ಮನೆಯ ಮುಂದೆ ಚಪ್ಪರ ಹಾಕಿ ನಡೆಯಿತು. ಅಷ್ಟರಲ್ಲಿ ಕ್ಲೇಶ ಭವನವೂ ಎದ್ದು ನಿಂತಿತ್ತು. ಕಳಿಸಿಕೊಡುವ ಹೊತ್ತಿಗೆ ಒಂದು ತೊಡಕು ಬಂತು. ಗಂಡನ ಮನೆಗೆ ಹೊರಟ ಹುಡುಗಿ ತವರಿನ ಹೊಸ್ತಿಲಿಗೆ ನಮಸ್ಕಾರ ಮಾಡಿ ಹೊರಡಬೇಕು. ಆ ಹೊಸ್ತಿಲು ಇದ್ದ ಜಾಗದಲ್ಲಿ ಈಗ ಸಾಹೇಬರ ಕೋಣೆಯ ಬಾಗಿಲಿತ್ತು. ಪಾಂಡಪ್ಪ ಬಂದು ಅಪ್ಪಣೆ ಕೇಳಿದ. ಕಚೇರಿಯ ವೇಳೆಯಾದ್ದರಿಂದ ಅಡ್ಡಿಯಿಲ್ಲ ಎಂದರು ಸಾಹೇಬರು.

ಹನಮವ್ವ ಬಂದು, ಸಿಮೆಂಟಿನ ಹೊಸ್ತಿಲಿಗೆ ಕುಂಕುಮ ಹಚ್ಚಿ, ಹಣೆ ತಾಗಿಸಿ ಅಲ್ಲೇ ಉಳಿದಳು. ತಮಗೇ ನಮಸ್ಕಾರ ಮಾಡುತ್ತಿದ್ದಾಳೆಂದು ತಿಳಿದ ಸಾಹೇಬರು ಕುರ್ಚಿಯಿಂದ ಅರ್ಧ ಎದ್ದು, "ದೀರ್ಘ ಸುಮಂಗಲೀ ಭವ," ಎಂದರು. ಹುಡುಗಿ ಏಳಲಿಲ್ಲ. ಮಲ್ಲವ್ವ ಮಗಳ ಭುಜ ಹಿಡಿದಳು. ತಾಯಿಯ ತುಟಿ ಅದುರಿತು. ನಮ್ಮ ಕಡೆ ಆ ಹೊತ್ತಿಗೆ ತಾಯಿ ಅಳದಿದ್ದರೆ ಮಗಳು ಆಕೆಗೆ ಭಾರವಾಗಿದ್ದಳೆಂದು ಅರ್ಥ.

"ನಿಲ್ಲಿಸಿ!" ಎಂದು ಸಾಹೇಬರು ಗಾಬರಿಯಿಂದ ಪೂರ್ತಿ ಎದ್ದರು. "ಅಳಬೇಡಿ ತಾಯಿ, ದಯವಿಟ್ಟು ಅಳಬೇಡಿ. ಅತ್ತರೆ ಪತ್ರ ರದ್ದಾಗುತ್ತದೆ!"

ಕುಬೇರಪ್ಪ ಅಂಗಿಯ ಜೇಬಿನ ಮೇಲೆ ಕೈ ಇಟ್ಟುಕೊಂಡರು. ಬೀಗರು ಒಪ್ಪಿಸಿದ ಸ್ವಸ್ಥಪತ್ರ ಅವರ ಜೇಬಿನಲ್ಲಿತ್ತು. "ತಡಕೋರಿ ಮಲ್ಲವ್ವ," ಎಂದರು ಮೆಲ್ಲಗೆ. "ಹುಡುಗಿ ಬಾಳೇವಿನ ಪ್ರಶ್ನೆ ಐತಿ." ಮಲ್ಲವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ತಾಯಿ ಅಳದೆ ಕಳಿಸುವಂತಿಲ್ಲ, ಅತ್ತು ಕಳಿಸುವಂತಿಲ್ಲ. ಚಪ್ಪರದ ಮಂದಿಯೆಲ್ಲ ಬಾಗಿಲಲ್ಲಿ ಬಂದು ಸೇರಿದರು.

ದಾರಿ ತೋರಿಸಿದವರು ಉಳವಪ್ಪನವರು. ಹಲವು ಸರ್ಕಾರಗಳ ಉಪ್ಪು ಉಂಡ ಮನುಷ್ಯ. "ನೌಕರರು ರಜಾ ಹೋದಾಗ ಬದಲಿ ಕೊಡತೀವಲ್ರಿ ಸಾಹೇಬ್ರ? ಹಂಗ ಈ ಬಾಬತ್ತಿಗೂ ಒಬ್ಬರನ್ನ ಬದಲಿ ಕೊಡಬಹುದು," ಎಂದರು. ಸಾಹೇಬರು ನಿಯಮಾವಳಿ ತಿರುವಿ ನೋಡಿದರು. ನಿಷೇಧ ಎಲ್ಲೂ ಇರಲಿಲ್ಲ. ಪತ್ರವಿಲ್ಲದ ಯಾವ ವ್ಯಕ್ತಿಯಾದರೂ ಪತ್ರವಿರುವವರ ಪರವಾಗಿ ಅಳಬಹುದೆಂದು ಅಲ್ಲೇ ಹುಕುಂ ಹೇಳಿ ಬರೆಸಿದರು.

ಯಾವ ಪತ್ರವೂ ಇಲ್ಲದ ರೋಶನಬಿ ಮುಂದೆ ಬಂದಳು. ಆಕೆಗೆ ಹೇಳಿಕೊಡಬೇಕಾಗಲಿಲ್ಲ. ಹನಮವ್ವನನ್ನು ಎಬ್ಬಿಸಿ ತಬ್ಬಿಕೊಂಡು, "ನನ್ನವ್ವಾ, ನಿನ್ನ ಮನಿ ಎಲ್ಲಿ ಹೋತು, ನೀ ಎಲ್ಲಿ ಹೊಂಟಿ," ಎಂದು ಬಿಕ್ಕಿಬಿಕ್ಕಿ ಅತ್ತಳು. ಭವನದ ಹೊಸ ಗೋಡೆಗಳಲ್ಲಿ ಆ ದನಿ ಗಟ್ಟಿಯಾಗಿ ಕೇಳಿಸಿತು. ಮಲ್ಲವ್ವ ಪಕ್ಕದಲ್ಲಿ ನೆಟ್ಟಗೆ ನಿಂತು ನೋಡಿದಳು. ಅಳು ಮುಗಿದ ಮೇಲೆ ಎಲ್ಲರಿಗೂ ಹಗುರವಾಯಿತು. ಬಹಳ ಚೆನ್ನಾಗಿ ಆಯಿತೆಂದು ಬೀಗರೂ ಒಪ್ಪಿದರು, ಇನ್ನು ಮೇಲೆ ತಮ್ಮ ಮನೆಗಳಲ್ಲೂ ಹೀಗೇ ಮಾಡುವುದೆಂದು ಓಣಿಯವರು ಮಾತಾಡಿಕೊಂಡರು. ರೋಶನಬಿ ಬದಲಿಯಾಗಿ ಅತ್ತದ್ದು ತನ್ನ ಪಾಲಿನ ಅಳುವೇ ಎಂಬ ಕಾಗದಕ್ಕೆ ಮಲ್ಲವ್ವ ಹೆಬ್ಬೆಟ್ಟು ಒತ್ತಿದಳು. ಬೆರಳಿನ ಮಸಿ ಒರೆಸಿಕೊಳ್ಳಲು ನಾನು ಬಟ್ಟೆ ಕೊಟ್ಟೆ. ಆ ಬಟ್ಟೆಯನ್ನು ಆಕೆ ಕಣ್ಣಿನ ಹತ್ತಿರ ಒಯ್ಯದಂತೆ ನೋಡಿಕೊಳ್ಳಬೇಕೆಂದು ಸಾಹೇಬರು ಸೂಚಿಸಿದರು. ನೋಡಿಕೊಂಡೆ.